ಎರಡೂ ಮಂಡಿಗೆ ಟೇಪು

ಹದಿನಾಲ್ಕು ಹುಡುಗಿಯರು, ಇಪ್ಪತ್ತೆಂಟು ಮಂಡಿ. ಬೆಳಗ್ಗೆ ಐದಕ್ಕೆ ಶುರು ಮಾಡಿದರೆ ಆರೂಕಾಲರೊಳಗೆ ಅಷ್ಟಕ್ಕೂ ಟೇಪು ಸುತ್ತಿ ಅವರನ್ನು ಕೋರ್ಟಿಗೆ ಅಟ್ಟಬೇಕು. ಬ್ಯಾಸ್ಕೆಟ್‌ಬಾಲ್ ಸೀಸನ್ ಶುರುವಾಗುವುದಕ್ಕೆ ಮುಂಚಿನ ಐದು ವಾರ ದಿನಾ ಇದೇ ನನ್ನ ಪಾಡು. ಕಾಲೇಜಿನ ಕಡತದಲ್ಲಿ ನಾನು ಕ್ರೀಡಾ ವಿಭಾಗದ ಸಹಾಯಕಿ. ಅಂದರೆ ಬೀಗದ ಕೈ ನನ್ನದು, ಬಾಲಿಗೆ ಗಾಳಿ ತುಂಬುವವಳು ನಾನು, ಬೆವರು ನಾರುವ ಜೆರ್ಸಿಗಳನ್ನು ಮೂಗು ಮುಚ್ಚಿಕೊಂಡು ವಾಷಿಂಗ್ ಮೆಷಿನ್ನಿಗೆ ತುರುಕುವವಳೂ ನಾನೇ. ಹುಡುಗಿಯರ ಬಾಯಲ್ಲಿ ಮಾತ್ರ ನಾನು ಟೇಪಕ್ಕ. ಇಪ್ಪತ್ತೇಳು ವರ್ಷದ ಸೇವೆಗೆ ಸಿಕ್ಕ ಬಿರುದು ಇದೊಂದೇ, ಬೇಡ ಅಂದರೆ ಆಗುತ್ತದೆಯೇ?

ನನ್ನ ಕೋಣೆ ಇಂಡೋರ್ ಹಾಲ್‌ನ ಹಿಂಬದಿಯಲ್ಲಿದೆ, ಸ್ನಾನದ ಕೋಣೆಗೂ ಸಾಮಾನು ಕೋಣೆಗೂ ನಡುವೆ. ಒಂದು ಎತ್ತರದ ಮೇಜು, ಅದರ ಮೇಲೆ ನಟ್ಟನಡುವೆ ಹರಿದ ರೆಕ್ಸಿನ್ ಹೊದಿಕೆ, ಗೋಡೆಗೆ ಒರಗಿಸಿದ ಟೇಪಿನ ಪೆಟ್ಟಿಗೆಗಳು, ಮೂಲೆಯಲ್ಲಿ ಹಗಲೂ ರಾತ್ರಿ ನರಳುವ ಐಸ್ ಮೆಷಿನ್. ಹುಡುಗಿ ಮೇಜು ಹತ್ತಿ ಕಾಲು ಚಾಚುತ್ತಾಳೆ. ಮಂಡಿ ಒಂಚೂರು ಮಡಚಿರಲಿ ಎಂದು ಹಿಮ್ಮಡಿಯ ಕೆಳಗೆ ಖಾಲಿ ಟೇಪಿನ ಸುರುಳಿ ಇಡುತ್ತೇನೆ. ಮೊದಲು ತೆಳ್ಳನೆಯ ಸ್ಪಂಜಿನ ಹೊದಿಕೆ, ಆಮೇಲೆ ಚಿಪ್ಪಿನ ಎರಡೂ ಪಕ್ಕದಲ್ಲಿ ಅಡ್ಡಡ್ಡ ಪಟ್ಟಿ, ಕೊನೆಗೆ ಮೇಲೊಂದು ಸುತ್ತು, ಕೆಳಗೊಂದು ಸುತ್ತು. ಕಣ್ಣು ಮುಚ್ಚಿಯೂ ಮಾಡಬಲ್ಲೆ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನ್ನ ಕಣ್ಣು ಅರ್ಧ ಮುಚ್ಚಿಯೇ ಇರುತ್ತದೆ.

ನಮ್ಮ ತಂಡದ ಒಂದು ನಿಯಮ ಬೇರೆ ಎಲ್ಲೂ ಇಲ್ಲ. ನೋವಿರಲಿ ಬಿಡಲಿ, ಎಲ್ಲರಿಗೂ ಎರಡೂ ಮಂಡಿಗೆ ಟೇಪು, ಎರಡಕ್ಕೂ ಲೆಕ್ಕ ಹಾಕಿದ ಹಾಗೆ ಅಷ್ಟಷ್ಟೇ ಸುತ್ತು. ಟೇಪಿಲ್ಲದ ಮಂಡಿ ಪ್ರಾಕ್ಟೀಸಿಗೂ ಇಳಿಯುವ ಹಾಗಿಲ್ಲ. ಎದುರಾಳಿಗೆ ಯಾರ ಯಾವ ಕಾಲು ಸೋತಿದೆ ಎಂದು ಗೊತ್ತಾಗಬಾರದು, ಅಷ್ಟೆ ಇದರ ಗುಟ್ಟು.

ಈ ನಿಯಮ ಹುಟ್ಟಿದ್ದೇ ನನ್ನ ಬಲಮಂಡಿಯಿಂದ. ಮೂವತ್ತು ವರ್ಷದ ಹಿಂದೆ ನಾನೂ ಇದೇ ಕಾಲೇಜಿನ ತಂಡದಲ್ಲಿ ಆಡುತ್ತಿದ್ದೆ. ಈಗಿನ ಕೋಚ್ ಮೇಡಂ ಆಗ ನನ್ನ ಜೊತೆಯವಳು, ಒಂದೇ ತಟ್ಟೆಯಲ್ಲಿ ಉಂಡವಳು. ನನ್ನ ಬಲಮಂಡಿ ಊದಿದ್ದು ಎದುರು ತಂಡದವರಿಗೆ ಗೊತ್ತಾಗಿ, ಬೇಕಂತಲೇ ಆ ಕಡೆಯಿಂದಲೇ ಬಂದು ಗುದ್ದುತ್ತಿದ್ದರು. ಆಗ ಇವಳೇ ಹೇಳಿದ್ದು, ಎರಡಕ್ಕೂ ಸುತ್ತಿಕೊಳ್ಳೋಣ ಕಣೇ, ಎಲ್ಲರೂ ಸುತ್ತಿಕೊಳ್ಳೋಣ, ಆಗ ಅವರೇನು ಮಾಡ್ತಾರೆ ನೋಡೋಣ ಎಂದು. ಮೂರು ಮ್ಯಾಚು ಯಾರಿಗೂ ಗೊತ್ತಾಗಲಿಲ್ಲ. ನಾಲ್ಕನೆಯದು ಫೈನಲ್. ಅಲ್ಲಿ ಯಾರೂ ಗುದ್ದಲಿಲ್ಲ, ಯಾರೂ ತಳ್ಳಲಿಲ್ಲ. ಹಾರಿದೆ, ಇಳಿದೆ, ಮಂಡಿ ತನ್ನಷ್ಟಕ್ಕೆ ತಾನೇ ಹೋಯಿತು. ಕಪ್ ಗೆದ್ದೆವು. ಅವಳು ಆಡುತ್ತಾ ಆಡುತ್ತಾ ಕೋಚ್ ಆದಳು, ಆಮೇಲೆ ನನಗೂ ಇಲ್ಲೊಂದು ಕೆಲಸ ಕೊಡಿಸಿದಳು. ಹುಡುಗಿಯರ ಮುಂದೆ ನಾನು ಅವಳನ್ನು ಮೇಡಂ ಅನ್ನುತ್ತೇನೆ, ಅವಳು ನನ್ನನ್ನು ನೀವು ಅನ್ನುತ್ತಾಳೆ. ಬಾಗಿಲು ಹಾಕಿದ ಮೇಲೆ ಇಬ್ಬರೂ ಹಳೇ ಗೂಬೆಗಳೇ.

ಈ ಸಲದ ನಾಯಕಿಗೆ ಬುಗುರಿ ಎಂದು ಅಡ್ಡಹೆಸರು. ಬಾಲು ಕೈಗೆ ಸಿಕ್ಕರೆ ಒಂದೇ ಕಾಲಿನ ಮೇಲೆ ಗಿರ್ರನೆ ತಿರುಗಿ ಎದುರಿನವಳನ್ನು ಬೆಪ್ಪು ಮಾಡಿ ಹೋಗಿಬಿಡುತ್ತಾಳೆ. ಕೊನೆಯ ವರ್ಷದ ಹುಡುಗಿ. ಅವಳಮ್ಮ ಸಿಟಿ ಬಸ್ ಓಡಿಸುತ್ತಾರೆ, ಮೊದಲ ಪಾಳಿ. ಇಪ್ಪತ್ತೇಳು ವರ್ಷದಲ್ಲಿ ಎಷ್ಟೋ ಜನರ ಮಂಡಿ ನನ್ನ ಕೈಯಲ್ಲಿ ಹಾದುಹೋಗಿದೆ, ಇವಳ ಆಟದಂಥ ಆಟ ಮೂರೋ ನಾಲ್ಕೋ ಕಂಡಿದ್ದೇನೆ. ಇವಳನ್ನು ಕಂಡರೆ ನನಗೆ ಪ್ರೀತಿ. ಅದನ್ನು ಮುಚ್ಚಿಡುವುದೇಕೆ?

ಎರಡನೇ ವಾರದ ಸೋಮವಾರ ಬೆಳಗ್ಗೆ ಅವಳ ಬಲಮಂಡಿಯ ಮೇಲೆ ಕೈ ಇಟ್ಟೆ. ನಿದ್ದೆ ಹಾರಿಹೋಯಿತು.

"ಇದೇನೇ ಇದು?"

"ಏನಿಲ್ಲ ಟೇಪಕ್ಕ. ಮೊನ್ನೆ ಇಳಿಯುವಾಗ ಸ್ವಲ್ಪ ಹೊರಳಿತು, ಅಷ್ಟೆ."

"ಸ್ವಲ್ಪಾನಾ? ಒತ್ತಿದ್ರೆ ಗುಳಿ ಬೀಳ್ತಿದೆ. ಒಳಗೆ ನೀರು ತುಂಬಿದೆ."

"ಶ್, ಮೆಲ್ಲಗೆ!" ಅವಳು ಬಾಗಿಲ ಕಡೆ ನೋಡಿದಳು. ಹೊರಗೆ ಸಾಲಿನಲ್ಲಿ ಜೀರುಂಡೆ ನಿಂತಿದ್ದಳು. ಹೆಸರಿಗೆ ತಕ್ಕ ಹುಡುಗಿ, ಬಾಯಿ ಮುಚ್ಚಿದ್ದನ್ನು ನಾನಂತೂ ನೋಡಿಲ್ಲ. "ಅವಳ ಕಿವಿಗೆ ಬಿದ್ರೆ ಕಾಲೇಜಿಗೆಲ್ಲ ಡಂಗುರ ಸಾರ್ತಾಳೆ. ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಮೇಡಂಗೆ ಹೇಳಬೇಡಿ. ಮೊದಲ್ನೇ ಮ್ಯಾಚಿಗೆ ಸೆಲೆಕ್ಟರುಗಳು ಬರ್ತಿದಾರೆ. ದೊಡ್ಡ ತಂಡಕ್ಕೆ ನಮ್ಮ ಕಾಲೇಜಿಂದ ಯಾರನ್ನಾದ್ರೂ ತಗೊಂಡ್ರೆ ಈ ವರ್ಷವೇ. ಈಗ ಕೂತ್ರೆ ನನ್ನ ಕಥೆ ಮುಗೀತು."

"ಅಮ್ಮಂಗೆ ಹೇಳಿದೀಯಾ?"

"ಅಮ್ಮ ನಾಲ್ಕಕ್ಕೇ ಡಿಪೋಗೆ ಹೋಗ್ತಾರೆ, ನಾನು ವಾಪಸ್ ಬರೋ ಹೊತ್ತಿಗೆ ಮಲಗಿರ್ತಾರೆ. ಮುಖ ನೋಡೋಕೇ ಸಿಗಲ್ಲ, ಮಂಡಿ ಎಲ್ಲಿ ನೋಡ್ತಾರೆ?"

ನಾನು ಎರಡು ದಿನ ಎಂದೆ. ಎರಡು ದಿನದಲ್ಲಿ ಇಳಿಯದಿದ್ದರೆ ನಾನೇ ಹೋಗಿ ಹೇಳುತ್ತೇನೆ ಎಂದೆ. ಅವಳು ನನ್ನ ಕೆನ್ನೆ ಹಿಂಡಿ ಕೆಳಗಿಳಿದಳು. ಮೂರನೆಯ ದಿನ ನೋಡಿದಾಗ ಊತ ಇಳಿದಿದೆ ಅನ್ನಿಸಿತು. ಇಳಿದಿತ್ತೋ, ಇಳಿದಿರಬೇಕು ಎಂದು ನನಗೇ ಆಸೆಯಿತ್ತೋ, ಈಗ ಹೇಳಲಾರೆ. ಇನ್ನೂ ಎರಡು ದಿನ ನೋಡೋಣ ಎಂದುಕೊಂಡೆ. ಹೀಗೆ ಎರಡೆರಡು ದಿನವಾಗಿ ವಾರ ಕಳೆಯಿತು.

ಅಷ್ಟೇ ಆಗಿದ್ದರೆ ಒಂದು ಮಾತು. ನನ್ನ ಕೈಗೆ ಕೆಲಸ ಗೊತ್ತಿದ್ದದ್ದೇ ತಪ್ಪಾಯಿತು. ಮೇಲಿನ ಬಿಳಿ ಟೇಪಿನ ಒಳಗೆ, ಯಾರಿಗೂ ಕಾಣದ ಹಾಗೆ, ಗಟ್ಟಿ ಟೇಪಿನ ಎರಡು ಪಟ್ಟಿ ಅಡ್ಡ ಹಾಕಿ ಎಳೆದು ಕಟ್ಟುತ್ತಿದ್ದೆ. ಮಂಡಿ ಪಕ್ಕಕ್ಕೆ ವಾಲುವುದು ನಿಂತಿತು. ಬಲಗಾಲು ದಪ್ಪ ಕಾಣಬಾರದಲ್ಲ ಎಂದು, ಏನೂ ಆಗಿರದ ಎಡಗಾಲಿಗೂ ಎರಡು ಸುತ್ತು ಸ್ಪಂಜು ಜಾಸ್ತಿ ಸುತ್ತಿದೆ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅವಳಿ ಮಕ್ಕಳು. ಅಂಥ ಟೇಪು ನಾನು ಬೇರೆ ಯಾರಿಗೂ ಹಾಕಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನೋಡಿ ಹೆಮ್ಮೆಯೇ ಪಟ್ಟೆ.

ಆದರೆ ಲೈನ್ ಓಟದ ಮುಂದೆ ಯಾವ ಟೇಪಿನ ಆಟವೂ ನಡೆಯುವುದಿಲ್ಲ. ಕೋರ್ಟಿನ ಒಂದು ತುದಿಯಿಂದ ಹೊರಟು ಮೊದಲ ಗೆರೆ ಮುಟ್ಟಿ ವಾಪಸ್, ನಡುಗೆರೆ ಮುಟ್ಟಿ ವಾಪಸ್, ಆಚೆಯ ಗೆರೆ ಮುಟ್ಟಿ ವಾಪಸ್, ಕೊನೆಗೆ ಆ ತುದಿ ಮುಟ್ಟಿ ವಾಪಸ್. ಮೂವತ್ತನಾಲ್ಕು ಸೆಕೆಂಡಿನಲ್ಲಿ ಹದಿನಾಲ್ಕು ಜನವೂ ಮುಗಿಸಬೇಕು. ಒಬ್ಬಳು ತಡವಾದರೂ ಎಲ್ಲರೂ ಮತ್ತೆ ಮೊದಲಿನಿಂದ. ಬುಗುರಿ ನೆಟ್ಟಗೆ ಓಡುತ್ತಿದ್ದಳು. ಗೆರೆ ಮುಟ್ಟಿ ತಿರುಗುವಾಗ ಮಾತ್ರ ಬಲಗಾಲು ಊರದೆ, ಎಡಗಾಲಿನಲ್ಲೇ ಎರಡು ಪುಟ್ಟ ಹೆಜ್ಜೆ ಹಾಕಿ ತಿರುಗುತ್ತಿದ್ದಳು. ಅಷ್ಟಕ್ಕೇ ಎರಡು ಸೆಕೆಂಡು ಹೋಗುತ್ತಿತ್ತು.

"ಮೂವತ್ತಾರು!" ಕೋಚ್ ಸೀಟಿ ಊದುತ್ತಿದ್ದಳು. "ನಾಯಕಿಯವರು ವಾಕಿಂಗ್ ಬಂದಿದಾರೆ. ಎಲ್ಲರೂ ವಾಪಸ್ ಗೆರೆಗೆ!"

ಮೂರನೆಯ ವಾರದ ಒಂದು ದಿನ ಹೀಗೇ ಒಂಬತ್ತು ಸಲ ಓಡಿಸಿದಳು. ಒಂಬತ್ತನೆಯದರಲ್ಲಿ ಮೊದಲ ವರ್ಷದ ಹುಡುಗಿಯೊಬ್ಬಳು ಗೋಡೆ ಹಿಡಿದುಕೊಂಡು ವಾಂತಿ ಮಾಡಿದಳು. ಒರೆಸುವ ಬಟ್ಟೆ ಹಿಡಿದು ಹೋದವಳು ನಾನು, ಇನ್ಯಾರು? ಹುಡುಗಿಯರ ಮುಖ ನೋಡಲಾಗುತ್ತಿರಲಿಲ್ಲ. ಮೈಯಲ್ಲಿ ಹನಿ ರಕ್ತ ಇಲ್ಲದವರ ಹಾಗೆ ನೆಲದ ಮೇಲೆ ಅಲ್ಲಲ್ಲಿ ಬಿದ್ದಿದ್ದರು. ಯಾರಿಗೂ ಕೋಪ ಮಾಡಿಕೊಳ್ಳುವುದಕ್ಕೂ ತ್ರಾಣ ಉಳಿದಿರಲಿಲ್ಲ. ಜೀರುಂಡೆಗೆ ಮಾತ್ರ ಉಳಿದಿತ್ತು.

"ಬುಗುರಿಗೆ ಚಾಟಿ ಸಾಲ್ದು ಅನ್ಸುತ್ತೆ," ಎಂದಳು ಮಲಗಿದ್ದಲ್ಲಿಂದಲೇ. "ನಾಯಕಿ ಪಟ್ಟ ಸಿಕ್ತಲ್ಲ, ಇನ್ಯಾಕೆ ಮೈ ಬಗ್ಗಿಸಬೇಕು? ಬೆವರು ಸುರಿಸೋಕೆ ನಾವಿದೀವಲ್ಲ ಹದಿಮೂರು ಕತ್ತೆಗಳು."

ಬುಗುರಿ ನೀರಿನ ಬಾಟಲಿ ಎತ್ತಿಕೊಂಡು ಮುಖಕ್ಕೆ ಸುರಿದುಕೊಂಡಳು. ಅಳುತ್ತಿದ್ದಳು ಎಂದು ನನಗೆ ಗೊತ್ತಾಯಿತು, ಬೇರೆಯವರಿಗೆ ನೀರು ಮಾತ್ರ ಕಂಡಿತು. ಆದರೂ ಬಾಯಿ ಬಿಡಲಿಲ್ಲ. ಮಾತು ಕೊಟ್ಟಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಮಾತು ಕೊಟ್ಟದ್ದು ಎರಡು ದಿನಕ್ಕೆ ಎನ್ನುವುದನ್ನು ಹೇಳಿಕೊಳ್ಳಲಿಲ್ಲ.

ಅದೇ ವಾರದ ಕೊನೆಯಲ್ಲಿ, ಸಂಜೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು, ದಿನವಿಡೀ ಕಟ್ಟಡಗಳ ಹೊಟ್ಟೆಯೊಳಗೆ ಇರುತ್ತಾರೆ. ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನೋಡುತ್ತಿದ್ದವರು, "ಆ ತಟ್ಟೆ ಏನು ತಪ್ಪು ಮಾಡಿತು? ಆಗಿಂದ ಅದನ್ನೇ ಉಜ್ಜುತಿದೀಯಲ್ಲ," ಎಂದರು.

ಎಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡು ಗಡ್ಡ ಕೆರೆದರು.

"ನಮ್ಮಲ್ಲಿ ಕೆಲವು ಲಿಫ್ಟು ಕಿರ್ ಕಿರ್ ಅಂತವೆ. ಹಗ್ಗ ಸವೆದಿರುತ್ತೆ. ಎಣ್ಣೆ ಬಿಟ್ರೆ ಸದ್ದು ನಿಂತುಹೋಗುತ್ತೆ. ಕಟ್ಟಡದೋರು ಖುಷಿಯಾಗಿ ಕಾಫಿ ಕೊಟ್ಟು ಕಳಿಸ್ತಾರೆ."

"ಅದಕ್ಕೆ?"

"ಅದಕ್ಕೇನಿಲ್ಲ. ಎಣ್ಣೆ ಬಿಟ್ಟೋನು ಮಾತ್ರ ಮೆಟ್ಟಿಲಲ್ಲಿ ಇಳಿದು ಬರ್ತಾನೆ."

ನನಗೆ ಮೈಯೆಲ್ಲ ಉರಿಯಿತು. ನಿಮ್ಮ ಲಿಫ್ಟಿನ ಪುರಾಣ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ ಎಂದು ತಟ್ಟೆಯನ್ನು ದಡಾರೆಂದು ಇಟ್ಟೆ. ಆದರೆ ಆ ಮಾತು ಒಳಗೇ ಕೂತಿತು, ಏಳಲಿಲ್ಲ.

ನಾಲ್ಕನೆಯ ವಾರದ ಮಂಗಳವಾರ ಪ್ರಾಕ್ಟೀಸು ಮುಗಿದ ಮೇಲೆ ಸಾಮಾನು ಕೋಣೆಗೆ ಹೋದೆ. ಕೋಚ್ ಬಾಲುಗಳ ಬುಟ್ಟಿಯ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದಳು. ಅವಳಿಗೂ ಐವತ್ತು ದಾಟಿತು. ಬೆಳಗಿನ ಜಾವದಿಂದ ಕಿರುಚಿ ಕಿರುಚಿ ಗಂಟಲು ಬಿದ್ದುಹೋಗಿತ್ತು. ಬಾಗಿಲು ಹಾಕಿದೆ.

"ಬುಗುರಿಯ ಬಲಮಂಡಿ ಹೋಗ್ತಾ ಇದೆ ಕಣೇ. ನಾನು ಟೇಪಲ್ಲಿ ಎಳೆದು ನಿಲ್ಲಿಸಿದೀನಿ. ಅವಳನ್ನ ಕೂರಿಸು," ಎಂದೆ ಒಂದೇ ಉಸಿರಿಗೆ.

ಅವಳು ತಲೆ ಎತ್ತಲಿಲ್ಲ. "ಗೊತ್ತು," ಎಂದಳು.

"ಏನಂದೆ?"

"ಗೊತ್ತು ಅಂದೆ. ವಾರದ ಮೇಲಾಯ್ತು. ತಿರುಗೋವಾಗ ಬಲಗಾಲು ಊರಲ್ಲ. ನನಗೇನು ಕಣ್ಣಿಲ್ವಾ?"

"ಗೊತ್ತಿದ್ದೂ ಅವಳನ್ನ ಹಂಗೆ ಓಡಿಸಿದ್ಯಾ? ಎಲ್ಲರ ಮುಂದೆ ಸೋಮಾರಿ ಅನ್ನಿಸಿದ್ಯಾ?"

"ಅವಳೇ ಬಂದು ಹೇಳ್ಲಿ ಅಂತ ಓಡಿಸಿದೆ." ಆಮೇಲೆ ದನಿ ತಗ್ಗಿತು. "ಹೇಳದೇ ಇದ್ರೆ ಒಳ್ಳೇದು ಅಂತಲೂ ಅಂದ್ಕೊಂಡೆ. ಇನ್ನು ಹನ್ನೆರಡು ದಿನ ಕಣೇ. ಅವಳಿಲ್ದೆ ಈ ತಂಡ ಏನು? ನೀನೇ ಹೇಳು. ಮೂರು ವರ್ಷದಿಂದ ಒಂದು ಮ್ಯಾಚು ನೆಟ್ಟಗೆ ಗೆದ್ದಿಲ್ಲ. ಈ ವರ್ಷವೂ ಹಿಂಗೇ ಆದ್ರೆ ತಂಡವನ್ನೇ ಮುಚ್ತಾರೆ. ಅವಳಿಗೂ ಆಡಬೇಕು, ನನಗೂ ಬೇಕು. ಒಂದು ಮ್ಯಾಚು ನಿಲ್ಲಲಿ. ನಿನ್ನ ಕೈಲಿ ಆಗುತ್ತೆ, ನಿಲ್ಲಿಸು."

ನನ್ನ ಕೈಗುಣ ಹೊಗಳಿದ ಹಾಗೂ ಆಯಿತು, ಕೆನ್ನೆಗೆ ಬಾರಿಸಿದ ಹಾಗೂ ಆಯಿತು.

"ಆವತ್ತು ನೀನೂ ಹಿಂಗೇ ಬೇಡ್ಕೊಂಡಿದ್ದೆ," ಎಂದಳು. "ಯಾರಿಗೂ ಹೇಳಬೇಡ ಕಣೇ, ಫೈನಲ್ ಆಡಲೇಬೇಕು ಅಂತ. ನಾನು ಹೇಳಲಿಲ್ಲ. ಮಾತು ಉಳಿಸ್ಕೊಂಡೆ."

"ಹೇಳಬೇಕಿತ್ತು ನೀನು."

ಮೂವತ್ತು ವರ್ಷ ಈ ಮಾತು ನನ್ನೊಳಗೆ ಇತ್ತೆಂದು ನನಗೇ ಗೊತ್ತಿರಲಿಲ್ಲ. ಬಂದುಬಿಟ್ಟಿತು. ಅವಳು ಬೂಟು ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ನೋಡಿದಳು.

"ಹೇಳಿದ್ದಿದ್ರೆ ಆಮೇಲೆ ನನ್ನ ಜೊತೆ ಮಾತಾಡ್ತಿದ್ಯಾ ನೀನು?"

"ಇಲ್ಲ. ಜನ್ಮದಲ್ಲಿ ಮಾತಾಡ್ತಿರಲಿಲ್ಲ," ಎಂದೆ. "ಆದ್ರೆ ಓಡ್ತಿದ್ದೆ."

ಅವಳು ಏನೋ ಹೇಳಲು ಹೋದಳು. ಕೇಳಿಸಿಕೊಳ್ಳಲು ನಾನು ನಿಲ್ಲಲಿಲ್ಲ. ಕೋಪಕ್ಕಿಂತ ಸುಸ್ತು ಜಾಸ್ತಿಯಾಗಿತ್ತು. ಆ ದಿನ ಬಸ್ಸಿನಲ್ಲಿ ಕೂತವಳು ನನ್ನ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋಗಿ ಇಳಿದೆ.

ಬುಧವಾರ ಬೆಳಗ್ಗೆ ಬುಗುರಿ ಎಲ್ಲರಿಗಿಂತ ಮೊದಲೇ ಬಂದು ಮೇಜು ಹತ್ತಿದಳು. ಪ್ಯಾಂಟು ಮೇಲೆ ಸರಿಸಿ ಎರಡೂ ಕಾಲು ಚಾಚಿದಳು. ಒಂದು ಮಂಡಿ ಮಂಡಿಯ ಹಾಗಿತ್ತು, ಇನ್ನೊಂದು ಉಬ್ಬಿದ ಹಿಟ್ಟಿನ ಮುದ್ದೆಯ ಹಾಗೆ.

"ಬೇಗ ಅಕ್ಕ, ಇವತ್ತು ಸ್ವಲ್ಪ ಬಿಗಿ ಜಾಸ್ತಿ ಮಾಡಿ."

ನಾನು ಕತ್ತರಿ ಕೆಳಗಿಟ್ಟೆ. "ನಿನಗೆ ಟೇಪು ಇಲ್ಲ."

"ಮುಗಿದುಹೋಯ್ತಾ? ಪೆಟ್ಟಿಗೇಲಿ ಇದೆಯಲ್ಲ."

"ಬೇಕಾದಷ್ಟಿದೆ. ನಿನಗೆ ಹಾಕಲ್ಲ."

ಅವಳು ಮೊದಲು ನಕ್ಕಳು. ತಮಾಷೆ ಮಾಡಬೇಡಿ ಎಂದಳು. ನನ್ನ ಮುಖ ನೋಡಿದ ಮೇಲೆ ನಗು ನಿಂತಿತು. ಕೈ ಹಿಡಿದುಕೊಂಡಳು, ಇನ್ನು ಹನ್ನೊಂದೇ ದಿನ ಎಂದಳು, ಅದಾದ ಮೇಲೆ ನೀವು ಹೇಳಿದಷ್ಟು ದಿನ ಮಲಗುತ್ತೇನೆ ಎಂದಳು. ನಾನು ಆಗಲ್ಲ ಎಂದು ತಲೆ ಆಡಿಸಿದೆ. ಅಷ್ಟರಲ್ಲಿ ಬಾಗಿಲ ಹತ್ತಿರ ಹುಡುಗಿಯರು ಬಂದು ಸೇರಿದರು. ಬುಗುರಿ ಅದನ್ನು ಗಮನಿಸಲಿಲ್ಲ.

"ನಿಮಗೆ ಆಡೋ ಯೋಗ ಇರಲಿಲ್ಲ, ಅದಕ್ಕೆ ನನಗೂ ಇರಬಾರದು, ಅಲ್ವಾ?" ಎಂದು ಕಿರುಚಿದಳು. "ಹೊಟ್ಟೆಕಿಚ್ಚು ನಿಮಗೆ! ಮೂವತ್ತು ವರ್ಷದಿಂದ ಬೇರೆಯವರ ಕಾಲು ಹಿಡ್ಕೊಂಡು ಕೂತಿದೀರಲ್ಲ, ಅದರ ಹೊಟ್ಟೆಕಿಚ್ಚು!"

ಸುಳ್ಳು ಹೇಳುವುದಿಲ್ಲ, ಆ ಮಾತು ನಾಟಿತು. ಅದರಲ್ಲಿ ನಿಜ ಎಷ್ಟು ಎಂದು ಆಮೇಲೆ ಯೋಚಿಸಿದ್ದೂ ಉಂಟು. ಆ ಹೊತ್ತಿನಲ್ಲಿ ಮಾತ್ರ, "ಇರಬಹುದು ಕಣೇ. ಆದ್ರೂ ಹಾಕಲ್ಲ," ಎಂದೆ.

ಜೀರುಂಡೆ ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ ಬಂದಿದ್ದಳು. ಅವಳ ಕಣ್ಣು ಆ ಮಂಡಿಯ ಮೇಲೆಯೇ ನೆಟ್ಟಿತ್ತು. ಒಂದೇ ತಂಡದವರು, ದಿನಾ ಒಟ್ಟಿಗೆ ಓಡಿದವರು, ಯಾರೊಬ್ಬರೂ ಅದನ್ನು ಟೇಪಿಲ್ಲದೆ ನೋಡಿರಲಿಲ್ಲ. ಎದುರಾಳಿಯ ಕಣ್ಣಿಗೆ ಮಣ್ಣೆರಚಲು ಮಾಡಿಕೊಂಡ ನಿಯಮ ನಮ್ಮ ಕಣ್ಣಿಗೇ ಸುತ್ತಿಕೊಂಡಿತ್ತು.

"ಅಯ್ಯೋ, ಇದರಲ್ಲೇ ಓಡ್ತಿದ್ಯೇನೇ?" ಎಂದಳು ಜೀರುಂಡೆ. ದನಿ ಬೇರೆಯವರದ್ದಾಗಿತ್ತು. "ನಾನು ನಿನ್ನ ಏನೇನೋ ಅಂದುಬಿಟ್ನಲ್ಲೇ." ಅಲ್ಲೇ ನೆಲದ ಮೇಲೆ ಕುಸಿದು ಕೂತು ಅಳತೊಡಗಿದಳು.

ಕೋಚ್ ಬಂದಳು. ಕುತ್ತಿಗೆಯಲ್ಲಿ ಸೀಟಿ, ಕೈಯಲ್ಲಿ ಗಡಿಯಾರ. ಹುಡುಗಿಯರು ದಾರಿ ಬಿಟ್ಟರು. ಬುಗುರಿ ಅವಳನ್ನು ಕಂಡಿದ್ದೇ, "ಮೇಡಂ, ಟೇಪಕ್ಕ ಟೇಪು ಹಾಕ್ತಿಲ್ಲ. ನೀವೇ ಹೇಳಿ ಮೇಡಂ," ಎಂದಳು.

ಕೋಚ್ ಒಮ್ಮೆ ಮಂಡಿಯನ್ನು ನೋಡಿದಳು, ಒಮ್ಮೆ ನನ್ನನ್ನು. ಟೇಪು ಸುತ್ತುವುದು ಅವಳಿಗೂ ಬರುತ್ತದೆ. ನನಗೆ ಮೊದಲು ಸುತ್ತಿಕೊಟ್ಟವಳೇ ಅವಳು. ಪೆಟ್ಟಿಗೆಯಿಂದ ಒಂದು ಸುರುಳಿ ಎತ್ತಿಕೊಂಡಳು, ತುದಿಯನ್ನು ಉಗುರಿನಲ್ಲಿ ಬಿಡಿಸಿದಳು. ಮೇಜಿನ ಹತ್ತಿರ ಹೋಗಿ ಎಡಗೈಯನ್ನು ಆ ಮಂಡಿಯ ಮೇಲಿಟ್ಟಳು. ಅವಳಿಗೆ ನೋಡಿ ಗೊತ್ತಿತ್ತು ಅಷ್ಟೆ, ಮುಟ್ಟಿದ್ದು ಆಗಲೇ ಮೊದಲು. ಕೈ ಹಾಗೇ ನಿಂತಿತು. ಎಷ್ಟು ಹೊತ್ತೆಂದರೆ ಐಸ್ ಮೆಷಿನ್ ಒಂದು ಸಲ ನರಳಿ ನಿಂತು ಮತ್ತೆ ನರಳತೊಡಗಿತು.

"ಟೇಪಿಲ್ದೆ ಕೋರ್ಟಿಗೆ ಇಳಿಯೋ ಹಾಗಿಲ್ಲ," ಎಂದಳು ಕೊನೆಗೆ, ಬಿದ್ದುಹೋದ ಗಂಟಲಿನಲ್ಲಿ. "ನಿಯಮ ಎಲ್ಲರಿಗೂ ಒಂದೇ. ನಿಮ್ಮಮ್ಮನಿಗೆ ಫೋನ್ ಮಾಡ್ತೀನಿ, ಡಾಕ್ಟ್ರ ಹತ್ರ ಹೋಗು."

ಆಡಬೇಡ ಎಂದು ಬಾಯಿ ಬಿಟ್ಟು ಹೇಳುವ ಧೈರ್ಯ ಅವಳಿಗೆ ಬರಲಿಲ್ಲ, ನಿಯಮದ ಹಿಂದೆ ನಿಂತುಕೊಂಡಳು. ಇರಲಿ, ನನಗೆ ಅಷ್ಟೇ ಸಾಕಾಗಿತ್ತು. ಬುಗುರಿ ಪ್ಯಾಂಟು ಇಳಿಸಿಕೊಂಡು ಮೇಜಿನಿಂದ ಇಳಿದಳು. ಜೀರುಂಡೆ ಹಿಡಿದುಕೊಳ್ಳಲು ಹೋದರೆ ಕೈ ಕೊಡವಿದಳು. ನನ್ನ ಪಕ್ಕದಲ್ಲೇ ಕುಂಟುತ್ತಾ ಹೋದಳು, ತಿರುಗಿ ನೋಡಲಿಲ್ಲ. ಉಳಿದ ಹದಿಮೂರು ಜನರ ಇಪ್ಪತ್ತಾರು ಮಂಡಿ ಆ ದಿನ ಹೇಗೆ ಸುತ್ತಿದೆನೋ ನನಗೆ ನೆನಪಿಲ್ಲ.

ಸತ್ಯ ಹೇಳುತ್ತೇನೆ, ಆ ಎರಡು ದಿನ ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಹುಡುಗಿ ಬೈದುಕೊಳ್ಳಲಿ, ಕಾಲು ಉಳಿಯಿತಲ್ಲ ಎಂದುಕೊಂಡೆ. ಗಂಡನಿಗೂ ಹೇಳಿದೆ, ಅವರು ಏನೂ ಅನ್ನದೆ ನನ್ನ ತಲೆ ಸವರಿದರು. ನನ್ನ ಕಾಲಕ್ಕೆ ಯಾರೂ ಮಾಡದ್ದನ್ನು ನಾನು ಇವಳಿಗೆ ಮಾಡಿದೆ ಎಂಬ ಬಿಂಕವೂ ಇತ್ತು.

ಶುಕ್ರವಾರ ಮಧ್ಯಾಹ್ನ ಬುಗುರಿಯ ಅಮ್ಮ ಬಂದರು. ಆ ದಿನ ಎರಡನೇ ಪಾಳಿಯಂತೆ, ಬಸ್ ಓಡಿಸುವವರ ಸಮವಸ್ತ್ರದಲ್ಲೇ ಇದ್ದರು, ತೋಳಿನ ಮೇಲೆ ಮಗಳ ಜೆರ್ಸಿ ಒಗೆದು ಮಡಚಿಟ್ಟುಕೊಂಡಿದ್ದರು. ಕೋಚ್ ಸಾಮಾನು ಕೋಣೆಯಲ್ಲಿದ್ದಳು, ದನಿ ಕೇಳಿ ಹೊರಗೆ ಬಂದಳು. ನಾನು ಕುರ್ಚಿ ಎಳೆದುಕೊಟ್ಟೆ. ಅವರು ಕೂರಲಿಲ್ಲ.

"ಕೂತೂ ಕೂತೂ ಸಾಕಾಗಿದೆ, ನಿಲ್ತೀನಿ," ಎಂದು ನಕ್ಕರು. ಕಣ್ಣಿನ ಕೆಳಗೆ ಕಪ್ಪಗಾಗಿತ್ತು. "ಸ್ಕ್ಯಾನ್ ಆಯ್ತು. ಆಪರೇಷನ್ ಆಗಲೇಬೇಕಂತೆ. ಒಂಬತ್ತು ತಿಂಗಳು ಆಟ ಇಲ್ಲ. ಆಮೇಲೂ ಮೊದಲಿನ ಹಂಗೆ ತಿರುಗೋಕಾಗುತ್ತೋ ಇಲ್ವೋ ಅಂದ್ರು. ಶುರುವಲ್ಲೇ ಬಂದಿದ್ರೆ ಮೂರು ವಾರ ಪಟ್ಟಿ ಕಟ್ಟಿ ಕೂರಿಸಿದ್ರೆ ಸಾಕಿತ್ತಂತೆ. ಸ್ವಲ್ಪ ಹರಿದಿದ್ದನ್ನ ಆಡೀ ಆಡೀ ಪೂರ್ತಿ ಹರ್ಕೊಂಡಿದಾಳೆ ಅಂದ್ರು ಡಾಕ್ಟ್ರು."

ಕೋಚ್ ಗೋಡೆಗೆ ಒರಗಿದಳು.

"ಅವಳು ನಿಮ್ಮ ಮೇಲೆ ಕೆಂಡ ಕಾರ್ತಿದಾಳೆ," ಎಂದರು ಅಮ್ಮ ನನ್ನ ಕಡೆ ತಿರುಗಿ. "ಚಿಕ್ಕ ಹುಡುಗಿ, ಮನಸ್ಸಿಗೆ ಹಚ್ಕೋಬೇಡಿ. ನಾನು ನಿಮಗೆ ಒಂದು ಮಾತು ಹೇಳಿಹೋಗೋಣ ಅಂತಲೇ ಬಂದೆ. ಹೆತ್ತವಳು ನಾನು, ಒಂದೇ ಮನೇಲಿದ್ದು ನೋಡಲಿಲ್ಲ. ನೀವು ನೋಡಿದ್ರಿ, ತಡೆದ್ರಿ. ನಿಮ್ಮ ಉಪಕಾರ ಮರೆಯಲ್ಲ." ಜೆರ್ಸಿಯನ್ನು ಮೇಜಿನ ಮೇಲಿಟ್ಟು ನನ್ನ ಕೈ ಹಿಡಿದುಕೊಂಡರು. ಸ್ಟಿಯರಿಂಗ್ ಹಿಡಿದು ಹಿಡಿದು ಒರಟಾದ ಬೆಚ್ಚನೆಯ ಕೈ. "ಆವತ್ತು ಬೆಳಗ್ಗೆ ಕಾಲು ಚಾಚಿದಾಗಲೇ ನಿಮಗೆ ಗೊತ್ತಾಗಿದ್ದು, ಅಲ್ವಾ?"

ಹೂಂ ಎಂದುಬಿಡಬಹುದಿತ್ತು. ಅವರು ಕೇಳಿದ್ದೂ ಹೂಂ ಅನ್ನಲಿ ಎಂದೇ. ಕೋಚ್ ನನ್ನನ್ನೇ ನೋಡುತ್ತಿದ್ದಳು.

"ಆವತ್ತಿಗೆ ಹದಿನಾರು ದಿನ ಆಗಿತ್ತು," ಎಂದೆ. "ಮೊದಲ ದಿನವೇ ಗೊತ್ತಾಯ್ತು ನನಗೆ. ಹೇಳಬೇಡಿ ಅಂದ್ಲು, ಹೇಳಲಿಲ್ಲ. ಅವಳು ಆಡೋ ಹಂಗೆ ಟೇಪು ಹಾಕಿಕೊಟ್ಟೋಳೂ ನಾನೇ. ತಪ್ಪಾಯ್ತು."

"ನನಗೂ ಗೊತ್ತಿತ್ತು," ಎಂದಳು ಕೋಚ್ ಹಿಂದಿನಿಂದ.

ಅಮ್ಮ ನಮ್ಮಿಬ್ಬರನ್ನೂ ನೋಡಿದರು. ನನ್ನ ಕೈಯ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದುಕೊಂಡರು.

"ನನ್ನ ಬಸ್ಸಿಗೆ ಹೊತ್ತಾಯ್ತು," ಎಂದರು.